ಮೂಗಿಲ್ಲದ ಜೋಳ

ನನ್ನ ಪಾಲಿಗೆ ಬಂದ ಮಾತು ‘ಶ್ವಸನ’. ಹದಿನೆಂಟು ತುಂಬಿದ ವರ್ಷ, ನಮ್ಮ ಊರಿನ ಎಲ್ಲರಂತೆ ನಾನೂ ಚಾವಡಿಯ ತಾಮ್ರದ ಕೊಳಗದಲ್ಲಿ ಕೈ ಹಾಕಿ, ಒಂದೊಂದು ಮಾತು ಕೊರೆದ ಮರದ ಬಿಲ್ಲೆಗಳಲ್ಲಿ ಒಂದನ್ನು ಎತ್ತಿದೆ. ನನಗಿಂತ ಮುಂಚೆ ಎತ್ತಿದ ಹುಡುಗಿಗೆ ‘ಒಗ್ಗರಣೆ’ ಬಂದಿತ್ತು. ಅವಳ ಮನೆಯವರು ಅಲ್ಲೇ ನಿಂತು ಸಕ್ಕರೆ ಹಂಚಿದರು. ನನ್ನ ಬಿಲ್ಲೆಯನ್ನು ಆಗಿನ ಹಿರಿಯರು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಎರಡು ಸಲ ಓದಿದರು. ಯಾರೂ ನಗಲಿಲ್ಲ. ನಗದೆ ಇದ್ದದ್ದು ಅವರ ದೊಡ್ಡತನ ಎಂದು ನನಗೆ ಆಮೇಲೆ ತಿಳಿಯಿತು. ಅಪ್ಪ ನನ್ನ ತಲೆ ಸವರಿ, “ಇರ್ಲಿ ಬಿಡವ್ವಾ, ಇದೂ ಯಾರಿಗರ ಬೇಕಾಗ್ತೈತಿ” ಎಂದರು.

ನನ್ನ ಹಿಂದೆ ನಿಂತಿದ್ದವನು ಕಂಬಾರರ ಮೌನೇಶ. ಅವನಿಗೆ ‘ಉಸಿರಾಟ’ ಬಂತು. ಎಲ್ಲರೂ ಹೋ ಎಂದು ಕೂಗಿದರು. ದಿನವಿಡೀ ತಿದಿ ಒತ್ತಿ ಕುಲುಮೆಗೆ ಗಾಳಿ ಊದುವ ಮನೆಯ ಹುಡುಗನಿಗೆ ಅದಕ್ಕಿಂತ ಒಪ್ಪುವ ಮಾತು ಇನ್ನಾವುದಿತ್ತು! ಹೊರಗೆ ಬರುವಾಗ ಅವನು ತನ್ನ ಬಿಲ್ಲೆಯನ್ನೂ ನನ್ನದನ್ನೂ ಪಕ್ಕಪಕ್ಕ ಹಿಡಿದು ನೋಡಿ, “ಅಕ್ಕಾರ, ನನ್ನ ಉಸಿರಾಟಕ್ಕ ಕೋಟು ತೊಡಿಸಿ ಕಾಲೇಜಿಗೆ ಕಳಿಸಿದ್ರ ನಿಮ್ಮ ಶ್ವಸನ ಆಗ್ತೈತಿ ನೋಡ್ರಿ” ಎಂದ. ಆ ವರ್ಷ ನಾನು ಕಾಲೇಜಿಗೆ ಹೊರಟಿದ್ದೆ. ಸಸ್ಯಶಾಸ್ತ್ರ ಓದಿ ಬಂದು, ಊರಿನ ಬೀಜದ ಉಗ್ರಾಣದಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದೆ. ಒದ್ದೆ ಬಟ್ಟೆಯ ಮೇಲೆ ನೂರು ಕಾಳು ಸಾಲಾಗಿಟ್ಟು, ಎಷ್ಟು ಮೊಳೆಯುತ್ತವೆ ಎಂದು ನೋಡುವ ಕೆಲಸ. ಅಷ್ಟು ವರ್ಷವೂ ಮೌನೇಶ ಆ ಕೋಟಿನ ಮಾತು ಬಿಡಲಿಲ್ಲ.

ಹೀಗೆ ಪಾಲಿಗೆ ಬಂದ ಮಾತನ್ನು ಬದುಕಿರುವವರೆಗೆ ಕಾಯಬೇಕು; ಕಷ್ಟದ ಕೆಲಸವೇನಲ್ಲ. ವರ್ಷಕ್ಕೊಮ್ಮೆ ಸಾಕ್ಷಿಯ ದಿನ ಎಲ್ಲರೂ ಚಾವಡಿಯಲ್ಲಿ ಸೇರುತ್ತೇವೆ. ನಿಮ್ಮ ಮಾತನ್ನು ಆ ವರ್ಷ ಆಡಿದವರು ಒಬ್ಬರಾದರೂ ಎದ್ದು ನಿಲ್ಲಬೇಕು. ನೀವೇ ಆಡಿದ್ದು ಲೆಕ್ಕಕ್ಕಿಲ್ಲ. ಎದ್ದು ನಿಂತವರಿಗೆ ಚಾವಡಿಯವರು ಮೂರೇ ಪ್ರಶ್ನೆ ಕೇಳುತ್ತಾರೆ: ಯಾವ ಮಾತು? ಎಲ್ಲಿ ಬೇಕಾಯಿತು? ಯಾರ ಸಲುವಾಗಿ ಆಡಿದಿರಿ? ಕಾಯುವವರ ಮೇಲಿನ ಪ್ರೀತಿಗೆ ಆಡಿದ್ದರೆ ಅದು ಸಾಕ್ಷಿಯಾಗುವುದಿಲ್ಲ. ಬೇಕಾಗಿ ಆಡಿರಬೇಕು. ಹೀಗೆ ಮೂರು ವರ್ಷ ಬರಿದಾಗಿ ಹೋದರೆ ಬಿಲ್ಲೆಯ ಮೇಲೆ ಕೊರೆದ ಅಕ್ಷರ ಸವೆದು ನುಣುಪಾಗುತ್ತದೆ, ಬಿಲ್ಲೆ ಚಾವಡಿಯ ಅಟ್ಟಕ್ಕೆ ಏರುತ್ತದೆ. ಆಮೇಲೆ ಆ ಮಾತು ಊರಿನಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಅದು ತೋರಿಸುತ್ತಿದ್ದದ್ದು ಕಣ್ಣಿಗೂ ಬೀಳುವುದಿಲ್ಲ.

ನನ್ನ ತಾಯಿಯ ಒಂದು ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಬಿಸಿಲು ಇಳಿದ ಮೇಲೆ, ದೀಪ ಹಚ್ಚುವ ಮೊದಲು, ಜಗಲಿಯ ಮೇಲೆ ಕೂತು ನಿನ್ನನ್ನು ನೆನೆಯುತ್ತೇನೆ ಎಂದು ಬರೆದಿದ್ದಾಳೆ. ಆ ಹೊತ್ತಿಗೆ ಅವಳು ಒಂದು ಹೆಸರು ಕೊಟ್ಟಿದ್ದಾಳೆ. ಓದುವಾಗ ಕಣ್ಣು ಅಲ್ಲಿ ಜಾರಿ ಮುಂದಿನ ಮಾತಿಗೆ ಹೋಗಿಬಿಡುತ್ತದೆ. ನಮ್ಮ ಊರಿನಲ್ಲಿ ಈಗ ಬಿಸಿಲಿದೆ, ಆಮೇಲೆ ಕತ್ತಲಿದೆ. ನಡುವೆ ಏನೋ ಇತ್ತಂತೆ. ಹೊರಗಿನಿಂದ ಬಂದ ನೆಂಟರು ಅದನ್ನು ನೋಡಿ ಎಷ್ಟು ಚೆನ್ನ ಎನ್ನುತ್ತಾರೆ. ನಾವು ನಕ್ಕು ಹೌದೆನ್ನುತ್ತೇವೆ.

ನನ್ನ ಯಜಮಾನರು ‘ಚಿಟಿಕೆ’ ಕಾಯುತ್ತಿದ್ದರು. ದಿನಕ್ಕೆ ನೂರು ಮನೆಯಲ್ಲಿ ಆಡುವ ಮಾತು. ಸಾಕ್ಷಿಗೆ ಹೆಂಗಸರು ಸಾಲುಗಟ್ಟುತ್ತಿದ್ದರು. ಯಜಮಾನರು ತೀರಿಹೋದ ಮೇಲೆ ಆ ಬಿಲ್ಲೆ ಕೊಳಗಕ್ಕೆ ಮರಳಿ ಈಗ ಬಸ್ಸಿನ ಕಂಡಕ್ಟರನ ಪಾಲಿಗಿದೆ. ಆತ ನನ್ನನ್ನು ಕಂಡಾಗಲೆಲ್ಲ, “ಅವ್ವಾರ, ಚಿಟಿಕೆ ಆರಾಮೈತ್ರಿ” ಎನ್ನುತ್ತಾನೆ. ಹಾಗೆ ಹೇಳಬೇಕೆಂದು ಅವನಿಗೆ ಯಾರೂ ಕಲಿಸಿಲ್ಲ.

ನನ್ನ ಮಾತು ಅಷ್ಟು ಸುಖದ್ದಾಗಿರಲಿಲ್ಲ, ಆದರೆ ಬಹಳ ವರ್ಷ ಹೇಗೋ ನಡೆಯಿತು. ಆಸ್ಪತ್ರೆಯ ಹಳೆಯ ಡಾಕ್ಟರು ವರ್ಷಕ್ಕೆ ಒಂದೆರಡು ಸಲ ಅದನ್ನು ಆಡುತ್ತಿದ್ದರು. ಉಗ್ರಾಣದಲ್ಲಿ ನನ್ನ ಜೊತೆಗಿದ್ದವರು ಚೀಲ ಒಟ್ಟುವಾಗ, “ನಡುವ ಗಾಳಿ ಬಿಡ್ರೋ, ಶ್ವಸನದ ಕಾವಿಗೆ ಬೀಜ ಕೆಡ್ತಾವು” ಎನ್ನುತ್ತಿದ್ದರು. ಡಾಕ್ಟರು ಮಗಳ ಊರಿಗೆ ಹೋದರು. ಉಗ್ರಾಣ ಮುಚ್ಚಿತು, ಬೀಜ ಈಗ ಮೊಹರು ಹಾಕಿದ ಪೊಟ್ಟಣದಲ್ಲಿ ಬರುತ್ತದೆ. ಎರಡು ಸಾಕ್ಷಿಯ ದಿನಗಳು ನನ್ನ ಪಾಲಿಗೆ ಬರಿದಾಗಿ ಹೋದವು.

ಊರಿಗೆ ಅದು ಗೊತ್ತಾಯಿತು. ಮೂರನೆಯ ವರ್ಷ ಸುರುವಾದಾಗ ಜನ ನನಗೆ ತೋರಿಸಿದ ಅಕ್ಕರೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. ನಾನು ಬಸ್ಸು ಹತ್ತಿದರೆ ಕಂಡಕ್ಟರ, “ಸರೀರಿ, ಸರೀರಿ, ಅವ್ವಾರಿಗೆ ಶ್ವಸನ ಮಾಡಾಕ ಜಾಗಾ ಬಿಡ್ರಿ” ಎಂದು ಕೂಗುತ್ತಿದ್ದ. ಹೂವು ಮಾರುವ ಹುಲಿಗೆಮ್ಮ ನನ್ನ ಬಾಗಿಲಿನ ಮುಂದೆ ಬುಟ್ಟಿ ಇಳಿಸಿ, “ಉಫ್, ಶ್ವಸನ ಹತ್ತೇತವ್ವಾ, ಸ್ವಲ್ಪ ನೀರು ಕೊಡ್ರಿ” ಎನ್ನುತ್ತಿದ್ದಳು. ಅಲ್ಲಿಯವರೆಗೆ ನಿಧಾನವಾಗಿ ನಡೆದು ಬಂದು, ನನ್ನ ಮನೆಯ ತಿರುವಿನಿಂದ ಮಾತ್ರ ಓಡಿ ಬರುತ್ತಿದ್ದಳೆಂದು ಎದುರುಮನೆಯವರು ಹೇಳಿದರು. ಅರವತ್ತು ದಾಟಿದ ಹೆಂಗಸು, ತಲೆಯ ಮೇಲೆ ಸೇವಂತಿಗೆಯ ಬುಟ್ಟಿ ಹೊತ್ತು, ನನಗಾಗಿ ಏದುಸಿರು ಬರಿಸಿಕೊಳ್ಳಲು ಓಡುತ್ತಿದ್ದಳು.

ಅವರಿಗೆ ನಾನು ಏನೂ ಹೇಳಲಿಲ್ಲ. ಅವರು ಆಡುತ್ತಿದ್ದದ್ದೆಲ್ಲ ಉಸಿರಾಟಕ್ಕೆ ಸೇರಿದ ಮಾತು, ಅದು ಮೌನೇಶಪ್ಪನದು. ತನ್ನದಲ್ಲದ ಜಾಗದಲ್ಲಿ ಆಡಿದಷ್ಟೂ ಮಾತು ಇನ್ನಷ್ಟು ಸವೆಯುತ್ತದೆ. ಒಂದು ದಿನ ಚಾವಡಿಯ ಈಗಿನ ಹಿರಿಯರಾದ ಪಂಪಣ್ಣನವರು ಮನೆಗೆ ಬಂದು, ನನ್ನ ಬಿಲ್ಲೆಯನ್ನು ಬೆರಳಿನಿಂದ ಸವರಿ ನೋಡಿದರು. ಕೊರೆದ ಗೆರೆಗಳು ಕಣ್ಣಿಗೆ ಕಾಣುತ್ತಿದ್ದವು, ಬೆರಳಿಗೆ ಸಿಗುತ್ತಿರಲಿಲ್ಲ. “ಜನರಿಗೆ ತಿಳಿಸಿ ಹೇಳ್ಲೇನ್ರಿ ಅಕ್ಕಾರ?” ಎಂದು ಕೇಳಿದರು. ಬೇಡವೆಂದೆ. ಹುಲಿಗೆಮ್ಮನ ಓಟವನ್ನು ತಪ್ಪೆಂದು ಹೇಳುವ ಮನಸ್ಸು ನನಗೆ ಬರಲಿಲ್ಲ. ಮಾತು ಹೋದರೆ ಹೋಗಲಿ, ಎಂದು ಒಂದು ಕ್ಷಣ ಅಂದುಕೊಂಡೆ. ಆಮೇಲೆ ಭಯವಾಯಿತು. ಮಾತು ಹೋದರೆ ನನ್ನ ಕಣ್ಣಿಗೂ ಅದು ಕಾಣುವುದಿಲ್ಲ. ಮೂವತ್ತೆರಡು ವರ್ಷ ಒದ್ದೆ ಬಟ್ಟೆಯ ಮೇಲೆ ನಾನು ನೋಡಿದ್ದು ಏನೆಂದು ನನಗೇ ತಿಳಿಯುವುದಿಲ್ಲ.

ಮೌನೇಶಪ್ಪ ಮಾತ್ರ ಆ ಮಾತನ್ನು ಸುಮ್ಮಸುಮ್ಮನೆ ಆಡುತ್ತಿರಲಿಲ್ಲ. ಅವನದು ಬೇರೆ ರೀತಿ. ಪ್ರತಿ ವರ್ಷ ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಬಂದು, ಜಗಲಿಯ ಮೇಲೆ ಕೂತು, ಟವೆಲ್ಲಿನಿಂದ ಮುಖ ಒರಸಿಕೊಂಡು, “ಅಕ್ಕಾರ, ಮತ್ತ ಮರತೆ ನೋಡ್ರಿ. ನಿಮ್ಮ ಮಾತಿನ ಅರ್ಥ ಏನಂದಿದ್ರಿ?” ಎನ್ನುತ್ತಿದ್ದ. ಕೇಳುವವರಿಲ್ಲದ ಮಾತನ್ನು ವರ್ಷಕ್ಕೊಮ್ಮೆಯಾದರೂ ಯಾರಾದರೂ ಕೇಳಲಿ ಎಂದು ಬರುತ್ತಿದ್ದ. ಅವನು ಮರೆತಿರುವುದಿಲ್ಲವೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿರುವುದು ಅವನಿಗೂ ಗೊತ್ತಿತ್ತು.

ಆ ಮೂರನೆಯ ವರ್ಷವೂ ಬಂದ. ನಾನು ಚಹಾ ಕೊಟ್ಟು ಹೇಳಿದೆ. “ನೀ ತಿದಿ ಒತ್ತಿದಾಗ ಗಾಳಿ ಒಳಗ ಹೋಗ್ತೈತಿ, ಹೊರಗ ಬರ್ತೈತಿ. ಅದು ನಿನ್ನ ಮಾತು. ಆ ಗಾಳಿ ತಗೊಂಡು ಇದ್ದಿಲು ಉರೀತೈತಲ್ಲ, ಕಬ್ಬಿಣ ಕಾಯ್ತೈತಲ್ಲ, ಅದು ನನ್ನ ಮಾತು. ನಾವು ಉಂಡದ್ದು ಮೈಯಾಗಿನ ಕಣಕಣದಾಗ ಹಂಗ ಸಣ್ಣಗ ಉರೀತೈತಿ. ಬೆಂಕಿ ಕಾಣಂಗಿಲ್ಲ, ಕಾವು ಇರ್ತೈತಿ. ಆ ಬಲದ ಮ್ಯಾಲೆ ನಾವು ನಡೀತೀವಿ, ಮಾತಾಡ್ತೀವಿ. ಉರದು ಉಳಿದ ಗಾಳಿ ಹೊರಗ ಬರ್ತೈತಿ, ಅದು ಮತ್ತ ಯಾರಿಗೂ ಉಪಯೋಗಿಲ್ಲ.”

“ಇದು ಮಂದಿಗಷ್ಟೇ ಏನ್ರಿ?”

“ಗಿಡಕ್ಕೂ ಐತಿ, ಎಲಿಗೂ ಐತಿ, ಕಾಳಿಗೂ ಐತಿ. ಮೂಗು ಬೇಕಿಲ್ಲ, ಎದಿ ಏರಿ ಇಳಿಬೇಕಿಲ್ಲ. ಜೀವ ಇದ್ರ ಸಾಕು.”

“ಕಾಳು ಡಬ್ಬ್ಯಾಗ ಸುಮ್ಮನ ಕುಂತಿರ್ತಾವಲ್ರಿ ಅಕ್ಕಾರ. ಅವಕ್ಕೇನು ಕೆಲಸಾ ದಗದಾ?”

ನಾನು ಅಡುಗೆಮನೆಗೆ ಹೋಗಿ, ಮೊಳಕೆಗೆ ಕಟ್ಟಿಟ್ಟ ಹೆಸರುಕಾಳಿನ ಗಂಟು ತಂದು ಅವನ ಕೈಗಿಟ್ಟೆ. ಐವತ್ತು ವರ್ಷ ಸುತ್ತಿಗೆ ಹಿಡಿದು ಗಟ್ಟಿಯಾದ ಅಂಗೈ; ಅದಕ್ಕೆ ಏನೂ ತಿಳಿಯಲಿಲ್ಲ. ಅವನು ಗಂಟನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡ. ಕಣ್ಣು ಅಗಲವಾಯಿತು.

“ಹೌದಲ್ರೀ! ಸಣ್ಣ ಕೂಸಿನ ಹಣಿ ಇದ್ದಂಗೈತಿ.”

“ಒಲಿ ಮುಂದ ಇಟ್ಟಿದ್ದಿಲ್ಲ, ಬಿಸಿಲಿಗೆ ಇಟ್ಟಿದ್ದಿಲ್ಲ. ಅದರ ಕಾವು ಅದರದ್ದ. ಒಣ ಕಾಳು ಇಷ್ಟು ಜೋರು ಮಾಡಂಗಿಲ್ಲ, ಬಾಳ ಸಾವಕಾಶ ಮಾಡ್ತಾವು. ಆದ್ರ ಮಾಡ್ತಾವು.”

ಅವನು ಗಂಟನ್ನು ಇನ್ನೊಂದು ಕೆನ್ನೆಗೂ ಇಟ್ಟು ನೋಡಿ, ಮರಳಿ ಕೊಡುವಾಗ ಎರಡೂ ಕೈ ಹಿಡಿದು ಕೊಟ್ಟ. ಆ ದಿನ ಕೋಟಿನ ಮಾತು ಆಡಲಿಲ್ಲ.

ಈಗ ದ್ಯಾಮವ್ವನ ಸಂಗತಿ ಹೇಳಬೇಕು. ನಮ್ಮ ಬೀದಿಯ ಕೊನೆಯ ಮನೆ ಆಕೆಯದು, ಎಂಬತ್ತೈದು ದಾಟಿದೆ. ಆಕೆ ಕಾಯುವ ಮಾತು ‘ಹಗೇವು’. ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುವ ಕಣಜ. ಊರಿನಲ್ಲಿ ಈಗ ಯಾರೂ ಹಗೇವು ತುಂಬುವುದಿಲ್ಲ. ದ್ಯಾಮವ್ವ ಒಬ್ಬಳೇ, ತನ್ನ ಮಾತು ಅಟ್ಟಕ್ಕೆ ಏರಬಾರದೆಂದು, ಅಂಗಳದ ಹಗೇವನ್ನು ವರ್ಷವರ್ಷವೂ ತುಂಬಿಸುತ್ತಾಳೆ. ಸಾಕ್ಷಿಯ ದಿನಕ್ಕೆ ಮುಂಚೆ ತೆಗೆಸಿ, ಅದೇ ಜೋಳದ ರೊಟ್ಟಿಯನ್ನು ಇಡೀ ಊರಿಗೆ ತಿನ್ನಿಸುತ್ತಾಳೆ. ಹಗೇವಿನ ರೊಟ್ಟಿ ಎಂದು ಕೇಳಿ ತಿನ್ನುವವರೆಲ್ಲ ಆಕೆಯ ಸಾಕ್ಷಿಗಳು. ಅಷ್ಟು ಜಾಣತನ ನನಗೆ ಹೊಳೆದಿರಲಿಲ್ಲ.

ಹಗೇವು ತೆಗೆಯುವುದಕ್ಕೆ ಅವರ ಮನೆಯಲ್ಲಿ ಒಂದು ಪದ್ಧತಿ. ಮೊದಲ ದಿನ ಬಾಯಿ ತೆಗೆದು, ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು ಬಿಟ್ಟುಬಿಡುವುದು. ಮರುದಿನ ಯಾರಾದರೂ ಹಗ್ಗ ಹಿಡಿದು ಒಳಗೆ ಇಳಿದು, ಬುಟ್ಟಿ ಬುಟ್ಟಿಯಾಗಿ ಜೋಳ ತುಂಬಿ ಮೇಲಕ್ಕೆ ಕೊಡುವುದು. ನಡುವೆ ಒಂದು ದಿನ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ದ್ಯಾಮವ್ವ ಬಾಯಿ ತೆರೆದು, ಏನೋ ಹೇಳಲು ಹೋಗಿ, ನಿಂತುಬಿಟ್ಟಳು. “ನಮ್ಮತ್ತಿ ದೀಪ ಹಿಡಕೊಂಡು ದಿನಾ ಇಡೀ ಬಾಯಿ ಮುಂದ ಕುಂತಿರ್ತಿದ್ಲವ್ವಾ. ಯಾಕಬೇ ಅಂದ್ರ ಒಂದು ಮಾತು ಅಂತಿದ್ಲು. ಆ ಮಾತು ಅಟ್ಟಕ್ಕ ಹೋಗಿ ಬಾಳ ವರ್ಷಾತು. ಈಗ ಯಾಕ ಅಂತ ಗೊತ್ತಿಲ್ಲ. ದೇವರಿಗೆ ಇರಬೇಕು.” ಹಗೇವಿನಲ್ಲಿ ಏನನ್ನೋ ಕಂಡು, ಅದಕ್ಕೊಂದು ಹೆಸರಿಟ್ಟು, ಹೆದರಿ ದೂರ ಕೂತಿದ್ದ ಹಿರಿಯರು ಇದ್ದರು. ಹೆಸರು ಹೋದ ದಿನ ಹೆದರಿಕೆಯೂ ಹೋಗಿತ್ತು. ಉಳಿದದ್ದು ಕಾಯಿ ಮತ್ತು ಕುಂಕುಮ.

ಸಾಕ್ಷಿಯ ದಿನಕ್ಕೆ ಎಂಟು ದಿನವಿತ್ತು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹುಲಿಗೆಮ್ಮ ಬಂದು, ಎಂದಿನಂತೆ ಏದುಸಿರಿನಲ್ಲಿ ಬುಟ್ಟಿ ಇಳಿಸಿದಳು. “ಹಗೇವು ತೆಗಿಯಾಕ ಹತ್ಯಾರವ್ವಾ. ನಿನ್ನೆ ಬಾಯಿಕಲ್ಲು ಜಪ್ಪಯ್ಯ ಅಂದ್ರೂ ಮಿಸುಕಾಡ್ಲಿಲ್ಲಂತ. ಮುಚ್ಚಿದ ಕಲ್ಲಿನ ಮ್ಯಾಲೇ ಪೂಜಿ ಮುಗಿಸಿಬಿಟ್ಟಾರ. ಇವತ್ತು ಮೌನೇಶಪ್ಪ ಹಾರಿ ಹಾಕಿ ಎತ್ತಾಕ ಹತ್ಯಾನ. ಎತ್ತಿದ ಕೂಡ್ಲೆ ರೇಣವ್ವ ಇಳೀತಾಳಂತ.”

ರೇಣವ್ವ ದ್ಯಾಮವ್ವನ ಮೊಮ್ಮಗಳು, ಇಪ್ಪತ್ತೆರಡರ ಹುಡುಗಿ. ನನ್ನ ಕೈಯಲ್ಲಿ ಆಗ ಹೆಸರುಕಾಳಿನ ಗಂಟಿತ್ತು. ನೀರು ಚಿಮುಕಿಸಲು ಎತ್ತಿಕೊಂಡಿದ್ದೆ. ಬೆಚ್ಚಗಿತ್ತು. ಒಂದು ಹಿಡಿ ಕಾಳಿಗೆ ಒಂದು ಇರುಳಿನಲ್ಲಿ ಇಷ್ಟು ಕಾವು. ಹತ್ತು ತಿಂಗಳು, ಒಂದು ಹಗೇವಿನ ಜೋಳ, ಮಣ್ಣು ಮೆತ್ತಿದ ಬಾಯಿ. ಒಳ್ಳೆಯ ಗಾಳಿಯೆಲ್ಲ ಮುಗಿದು, ಉರಿದು ಉಳಿದ ಗಾಳಿಯೊಂದೇ ಅಲ್ಲಿ ತುಂಬಿ ನಿಂತಿರುತ್ತದೆ. ಬಣ್ಣವಿಲ್ಲ, ನೋಡಿದರೆ ಕಾಣದು. ಇಳಿದವರು ಕೂಗುವಷ್ಟರಲ್ಲಿ ಕುಸಿಯುತ್ತಾರೆ. ಇಷ್ಟು ವರ್ಷ ನಡುವಿನ ಆ ಒಂದು ದಿನವೇ ಎಲ್ಲರನ್ನೂ ಕಾಪಾಡಿತ್ತು. ಇಂದು ಆ ದಿನ ಇಲ್ಲ.

ಚಪ್ಪಲಿ ಮೆಟ್ಟದೆ ಹೊರಟೆ. ಎಪ್ಪತ್ತಮೂರು ವರ್ಷದ ಕಾಲು ಎಷ್ಟು ಓಡೀತು! ಹುಲಿಗೆಮ್ಮ ಏನು ಎತ್ತ ಕೇಳದೆ ನನ್ನ ತೋಳು ಹಿಡಿದು ಜೊತೆಗೆ ಬಂದಳು. ದ್ಯಾಮವ್ವನ ಅಂಗಳದ ಬಾಗಿಲು ತಲುಪಿದಾಗ ಜನ ಸುತ್ತ ನಿಂತಿದ್ದರು. ಕಲ್ಲು ಪಕ್ಕಕ್ಕೆ ಸರಿದಿತ್ತು. ರೇಣವ್ವ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಒಂದು ಕಾಲು ಹಗೇವಿನ ಬಾಯಿಯೊಳಗೆ ಇಳಿಬಿಟ್ಟು ಕೂತಿದ್ದಳು. ಯಾರೋ ಅವಳಿಗೆ, “ಹುಷಾರಬೇ, ಇಲಿ ಇದ್ದಾವು, ಮಾವನ ಮನಿಯವರನ್ಕೊಂಡು ಮಾತಾಡ್ಸಬ್ಯಾಡ” ಎಂದು ಚುಡಾಯಿಸುತ್ತಿದ್ದರು. ಅವಳು ನಗುತ್ತಿದ್ದಳು.

ನಾನು ಕೂಗಲು ಬಾಯಿ ತೆರೆದೆ. ನನ್ನ ಬಳಿ ಮಾತಿತ್ತು, ಉಸಿರಿರಲಿಲ್ಲ. ಎದೆ ಏರಿ ಇಳಿದದ್ದಷ್ಟೇ, ದನಿ ಹೊರಡಲಿಲ್ಲ. ಹುಲಿಗೆಮ್ಮನ ತೋಳು ಹಿಂಡಿದೆ. ಅವಳಿಗೆ ಏನು ತಿಳಿಯಬೇಕು?

ಆಗ ಮೌನೇಶಪ್ಪ, ಹಾರೆಗೆ ಒರಗಿ ಬೆವರು ಒರಸಿಕೊಳ್ಳುತ್ತ ನಿಂತಿದ್ದವನು, ಬಾಯಿಕಲ್ಲಿನ ಕಡೆ ನೋಡಿದ. ಬಗ್ಗಿ ಅದರ ಒಳಮೈ ಮುಟ್ಟಿದ. ಅಂಗೈಯಿಂದಲ್ಲ, ಮುಖವನ್ನೇ ತಗ್ಗಿಸಿ ಕೆನ್ನೆ ತಾಗಿಸಿದ. ಹೆಸರುಕಾಳಿನ ಗಂಟಿನಂತೆ ಅದೂ ಬೆಚ್ಚಗಿದ್ದಿರಬೇಕು. ಮರುಕ್ಷಣ ಎದ್ದು ಹಾರೆಯನ್ನು ಕಲ್ಲಿಗೆ ಬೀಸಿ ಹೊಡೆದ. ಅಂಗಳವೆಲ್ಲ ಖಣಲ್ ಎಂದಿತು. “ತಡೀ! ಇಳಿಬ್ಯಾಡ!”

ರೇಣವ್ವ ಕಾಲು ಇಳಿಬಿಟ್ಟ ಹಾಗೇ ಕೂತಳು. ದ್ಯಾಮವ್ವ ಸಿಟ್ಟಿನಿಂದ ಕೋಲು ಎತ್ತಿದಳು. “ಏನಾತೋ ನಿನಗ? ಶುಭ ಕಾರ್ಯದಾಗ ಹಂಗ ಬಡೀತಾರೇನು?”

“ಎಬ್ಬಿಸ್ರಿ ಆಕೀನ. ಒಳಗ ಜ್ವಾಳ...” ಎಂದವನು ತಡವರಿಸಿದ. ಅವನ ತುಟಿ ಅಲ್ಲಾಡಿದ್ದನ್ನು ಕಂಡೆ, ದನಿ ಕೇಳಲಿಲ್ಲ. ಮಾತು ಅಷ್ಟು ಸವೆದಿತ್ತು. ಮತ್ತೊಮ್ಮೆ ಪ್ರಯತ್ನಿಸಿದ. ಕತ್ತಿನ ನರ ಉಬ್ಬಿತು. ಮೂರನೆಯ ಸಲ, ಕಾದ ಕಬ್ಬಿಣವನ್ನು ಇಕ್ಕಳದಿಂದ ಹಿರಿದಂತೆ, ಆ ಮಾತು ಹೊರಗೆ ಬಂತು. “ಜ್ವಾಳ ಹತ್ತು ತಿಂಗಳು ಶ್ವಸನ ಮಾಡೈತಿ! ಶ್ವಸನ! ಒಳಗ ಇರೋದು ಸುಟ್ಟ ಗಾಳಿ. ಇಳಿದ್ರ ಸಾಯ್ತಾಳ!”

ಯಾರೋ ನಕ್ಕರು. “ನಿಂದ ಮಾತು ಐತಲ್ಲೋ ಮೌನೇಶಾ, ಉಸಿರಾಟ ಅನ್ನು. ಅವ್ವಾರ ಮಾತ್ಯಾಕ?”

“ಉಸಿರಾಟಕ್ಕ ಮೂಗು ಬೇಕು. ಜ್ವಾಳಕ್ಕ ಮೂಗೆಲ್ಲೈತಿ?” ಎಂದು ಅವನು ಗದರಿದ. “ಕಂದೀಲು ತರ್ರಿ. ಹಗ್ಗ ಕಟ್ರಿ.”

ಇಬ್ಬರು ಹೆಂಗಸರು ರೇಣವ್ವನ ತೋಳು ಹಿಡಿದು ಮೇಲಕ್ಕೆ ಎಳೆದುಕೊಂಡರು. ಉರಿಯುವ ಕಂದೀಲು ಹಗೇವಿನ ಬಾಯಿಯಲ್ಲಿ ಇಳಿಯಿತು. ಒಂದು ಮೊಳ ಇಳಿಯುವಷ್ಟರಲ್ಲಿ ಬೆಂಕಿ ಸಣ್ಣದಾಯಿತು, ಎರಡು ಮೊಳಕ್ಕೆ ಆರಿತು. ಮತ್ತೆ ಹಚ್ಚಿ ಇಳಿಸಿದರು. ಮತ್ತೆ ಆರಿತು. ಮೂರನೆಯ ಸಲ ಯಾರೂ ಹಚ್ಚಲಿಲ್ಲ. ಅಂಗಳದಲ್ಲಿ ಎಲ್ಲರೂ ಆ ಕಪ್ಪು ಬಾಯಿಯನ್ನೇ ನೋಡುತ್ತ ನಿಂತರು. ಏನೂ ಇಲ್ಲದಂತೆ ಕಾಣುವಲ್ಲಿ ಏನೋ ಇರುವುದು ಆಗ ಅವರ ಕಣ್ಣಿಗೆ ಬಿತ್ತು.

ದ್ಯಾಮವ್ವ ಕೋಲು ಕೆಳಗೆ ಹಾಕಿ, ನೆಲದ ಮೇಲೆ ಕೂತು, ಮೊಮ್ಮಗಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಳಗೆ ಇಳಿಬಿಟ್ಟಿದ್ದ ಆ ಕಾಲು. “ಇದಕ್ಕ ಕುಂತಿರ್ತಿದ್ಲು,” ಎಂದಳು. “ಇದಕ್ಕ ನಮ್ಮತ್ತಿ ದೀಪ ಹಿಡಕೊಂಡು ಕುಂತಿರ್ತಿದ್ಲು.”

ಮಧ್ಯಾಹ್ನ ಮೌನೇಶಪ್ಪ ಕುಲುಮೆಯ ಹಳೆಯ ತಿದಿ ಹೊತ್ತು ತಂದು, ಉದ್ದನೆಯ ಬಿದಿರಿನ ಕೊಳವೆ ಜೋಡಿಸಿ, ಹಗೇವಿನ ತಳಕ್ಕೆ ಗಾಳಿ ಒತ್ತಿದ. “ಈಗ ನನ್ನ ಮಾತಿನ ಪಾಳಿ” ಎಂದು ನನ್ನ ಕಡೆ ನೋಡಿ ನಕ್ಕ. ಜನ ಸರದಿಯ ಮೇಲೆ ಒತ್ತಿದರು. ಮರುದಿನ ಬೆಳಿಗ್ಗೆ ಕಂದೀಲು ತಳದವರೆಗೆ ಇಳಿದು ಉರಿಯುತ್ತಲೇ ಇತ್ತು. ಆಮೇಲೆ ರೇಣವ್ವ ಇಳಿದು ಜೋಳ ತೆಗೆದಳು.

ಅದರ ಮಾರನೆಯ ದಿನ ರೇಣವ್ವ ನನ್ನ ಮನೆಗೆ ಬಂದಳು. ಬಾಗಿಲಿನಲ್ಲೇ ನಿಂತು, “ಅಮ್ಮಾರ, ಆ ಕಾಳಿನ ಕಾವು ನನಗೂ ಮುಟ್ಟಿಸಿ ತೋರಸ್ತೀರೇನ್ರಿ?” ಎಂದಳು. ಗಂಟು ಕೊಟ್ಟೆ. ಅವಳ ಅಂಗೈ ಇನ್ನೂ ಮೆತ್ತಗಿದೆ, ಕೂಡಲೇ ತಿಳಿಯಿತು. ಬಹಳ ಹೊತ್ತು ಹಿಡಿದು ಕೂತಿದ್ದಳು. ಹೋಗುವಾಗ ನನ್ನ ಬಾಗಿಲಿನ ಮುಂದೆ ಮಳೆಗೆ ಎದ್ದಿದ್ದ ಹಾಸುಗಲ್ಲನ್ನು ಎತ್ತಿ ಸರಿಯಾಗಿ ಕೂರಿಸಿ ಹೋದಳು. ಎರಡು ವರ್ಷದಿಂದ ನಾನು ಅದನ್ನು ಎಡವುತ್ತಿದ್ದೆ. ಅವಳಿಗೆ ಹೇಗೆ ಗೊತ್ತಾಯಿತೋ.

ಆ ಎಂಟು ದಿನ ಊರಿನವರೆಲ್ಲ ನನಗೆ ಒಂದೇ ಮಾತು ಹೇಳಿದರು. “ಮೌನೇಶಪ್ಪ ನಿಮ್ಮ ಮಾತು ಉಳಿಸಿದ್ನಲ್ರಿ! ನಿಮ್ಮ ಸಲುವಾಗಿ ಎಷ್ಟು ಮಾಡಿದಾ!” ಅವರು ಸಂತೋಷದಿಂದ ಹೇಳುತ್ತಿದ್ದರು, ನಾನು ಬೇರೆ ಸುದ್ದಿ ತೆಗೆಯುತ್ತಿದ್ದೆ. ನನ್ನ ಸಲುವಾಗಿ ಮಾಡಿದ್ದರೆ ಸಾಕ್ಷಿ ನಿಲ್ಲುವುದಿಲ್ಲ. ಮೌನೇಶಪ್ಪ ಸುಳ್ಳು ಹೇಳುವವನಲ್ಲ. ಐವತ್ತೈದು ವರ್ಷ ನನ್ನ ಮೇಲೆ ಅಕ್ಕರೆ ಇಟ್ಟವನು, ವರ್ಷವರ್ಷವೂ ಮರೆತಂತೆ ನಟಿಸಿ ಬಂದವನು, ಆ ಗಳಿಗೆಯಲ್ಲಿ ನನ್ನನ್ನು ನೆನೆಯದೆ ಇದ್ದಾನೆಯೇ? ಹೋಗಿ ಕೇಳಬಹುದಿತ್ತು. ಕೇಳಿದರೆ ಉತ್ತರಕ್ಕೆ ನನ್ನ ನೆರಳು ಬೀಳುತ್ತದೆಂದು ಕುಲುಮೆಯ ಬೀದಿಗೆ ಕಾಲಿಡಲಿಲ್ಲ. ಹುಡುಗಿ ಉಳಿದಳು, ಅದು ಸಾಕು ಎಂದು ದಿನವೂ ನನಗೆ ನಾನೇ ಹೇಳಿಕೊಂಡೆ. ಸಾಕಾಗಿತ್ತು, ನಿಜ. ಆದರೂ ಬಿಲ್ಲೆಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದೆ.

ಸಾಕ್ಷಿಯ ದಿನ ಚಾವಡಿ ತುಂಬಿತ್ತು. ಜೋಳದ ರೊಟ್ಟಿಯ ವಾಸನೆ ಹೊರಗಿನಿಂದ ಬರುತ್ತಿತ್ತು. ಪಂಪಣ್ಣನವರು ಒಂದೊಂದೇ ಮಾತು ಕರೆಯುತ್ತ ಬಂದು, ನನ್ನ ಬಿಲ್ಲೆ ಇಸಿದುಕೊಂಡು, ಬಹಳ ಕಷ್ಟದಿಂದ ಓದಿದರು. ಹುಲಿಗೆಮ್ಮ ಮೊದಲು ಎದ್ದಳು. ಯಾರ ಸಲುವಾಗಿ ಆಡಿದಿ ಎಂದು ಕೇಳಿದ್ದಕ್ಕೆ, “ಮತ್ಯಾರ ಸಲುವಾಗಿ, ಈ ಅವ್ವಾರ ಸಲುವಾಗಿ! ನನ್ನ ಮಗಳನ್ನ ಹೆರಿಗಿಗೆ ಒಯ್ಯಾಕ ನಡುರಸ್ತೇದಾಗ ನಿಂತು ಜೀಪು ತಡದಾಕಿ ಈಕಿ” ಎಂದಳು. ಎಲ್ಲರೂ ನಕ್ಕರು. ಪಂಪಣ್ಣನವರೂ ನಕ್ಕು, ಕೂತುಕೋ ತಾಯಿ ಎಂದರು. ಕಂಡಕ್ಟರ ಏಳಹೊರಟವನು ಮತ್ತೆ ಕೂತ.

ಮೌನೇಶಪ್ಪ ಎದ್ದು ನಿಂತ.

“ಯಾವ ಮಾತು?”

“ಶ್ವಸನ.”

“ಎಲ್ಲಿ ಬೇಕಾತು?”

“ದ್ಯಾಮವ್ವಾರ ಹಗೇವಿನ ಬಾಯಾಗ.”

ಪಂಪಣ್ಣನವರು ಕನ್ನಡಕ ತೆಗೆದರು. “ಮೌನೇಶಪ್ಪಾ, ನಿನ್ನ ಹಂತ್ಯಾಕ ನಿಂದೊಂದು ಮಾತು ಐತಿ. ಊರಾಗೆಲ್ಲ ದೊಡ್ಡ ಮಾತು. ಅದು ಇರೋವಾಗ ಇದ್ಯಾಕ ಬೇಕಾತು?”

ಮೌನೇಶಪ್ಪ ತನ್ನ ಬಿಲ್ಲೆಯನ್ನು ಜೇಬಿನಿಂದ ತೆಗೆದು ನೋಡಿದ. ನಮ್ಮ ಚಾವಡಿಯಲ್ಲಿ ಯಾರೂ ತಮ್ಮ ಮಾತು ಕಡಿಮೆಯೆಂದು ಹೇಳಿದ್ದಿಲ್ಲ. ಅವನು ಮೆಲ್ಲಗೆ ಹೇಳಿದ. “ನನ್ನ ಮಾತು ಅಲ್ಲಿ ಸಾಲ್ಲಿಲ್ರಿ.”

ಹೊರಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ಕೂಡ ನಿಂತಿತು.

“ಯಾರ ಸಲುವಾಗಿ ಆಡಿದಿ?”

ನಾನು ನೆಲ ನೋಡಿದೆ. ಅವನು ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದ.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಆ ಹುಡುಗೀದು ಕಾಲು ಒಳಗಿತ್ತು. ಆ ಹೊತ್ತಿನ್ಯಾಗ ನನಗ ನಿಮ್ಮ ನೆನಪ ಬರ್ಲಿಲ್ರಿ. ಖರೇ ಹೇಳ್ತೀನಿ, ಒಂದೀಟೂ ಬರ್ಲಿಲ್ಲ.”

ಪಂಪಣ್ಣನವರು ಬಿಲ್ಲೆಯನ್ನು ನನ್ನ ಅಂಗೈಗೆ ಇಟ್ಟರು. ಬೆರಳು ಆಡಿಸಿದೆ. ಅಕ್ಷರಗಳು ಹೊಸದಾಗಿ ಕೊರೆದಷ್ಟು ಆಳವಾಗಿದ್ದವು. ‘ಶ್ವ’ದ ಒತ್ತಿನಲ್ಲಿ ಉಗುರು ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದ ರೇಣವ್ವ ನನ್ನ ಮಡಿಲಿನಲ್ಲಿ ಬಿಸಿ ರೊಟ್ಟಿ ಇಟ್ಟು, ನನ್ನ ಕಣ್ಣು ಒರಸಲು ಸೆರಗಿನ ತುದಿ ಹುಡುಕುತ್ತಿದ್ದಳು.

ನನ್ನನ್ನು ನೆನೆದು ಉಪಕಾರ ಮಾಡಿದವರು ಈ ಊರಿನಲ್ಲಿ ಬಹಳ ಮಂದಿ. ಹುಲಿಗೆಮ್ಮ ಓಡಿದ್ದು, ಕಂಡಕ್ಟರ ಜಾಗ ಬಿಡಿಸಿದ್ದು, ಯಾವುದನ್ನೂ ನಾನು ಮರೆಯುವುದಿಲ್ಲ. ನನ್ನನ್ನು ಮರೆತು ನನಗೆ ಉಪಕಾರ ಮಾಡಿದವನು ಮೌನೇಶಪ್ಪ ಒಬ್ಬನೇ.